ಕೊಡಲಿ ಮೀನುಗಳು ಉಂಡವು

ಮನೌಸ್, ಭಾನುವಾರ

ಅಪ್ಪಾ, ಆಶೀರ್ವಾದ ಮಾಡು.

ನೀನು ದೋಣಿಯವರ ಕೈಯಲ್ಲಿ ಕಳಿಸಿದ ಕೊಡಲಿ ಮೀನುಗಳು ಇವತ್ತು ಉಂಡವು! ಬಂದಾಗಿನಿಂದ ತೊಟ್ಟಿಯ ಮೇಲ್ನೀರು ಬಿಟ್ಟು ಕದಲಿರಲಿಲ್ಲ. ಹಾಕಿದ ತಿಂಡಿಯೆಲ್ಲ ಕೆಳಗಿಳಿದು ಬೇರೆ ಮೀನುಗಳ ಪಾಲಾಗುತ್ತಿತ್ತು. ನಿನ್ನೆಯಂತೂ ಒಂದು ಚಂಗನೆ ಹಾರಿ ನೆಲಕ್ಕೇ ಬಿತ್ತು. ನಾನು ಕಿರುಚುತ್ತಾ ನಿಂತೆ. ನಿನ್ನ ಅಳಿಯನೇ ಒದ್ದೆ ಅಂಗೈಯಲ್ಲಿ ಎತ್ತಿ ನೀರಿಗೆ ಬಿಟ್ಟ. ಆಮೇಲೆ ಊಟವನ್ನೂ ಮರೆತು ತೊಟ್ಟಿಗೆ ಗಾಜಿನ ಮುಚ್ಚಳ ಕತ್ತರಿಸಿ ಕೂರಿಸಿದ. ಇವತ್ತು ಬೆಳಿಗ್ಗೆ ಬಾಳೆಹಣ್ಣಿಗೆ ಮುತ್ತಿದ ಪುಟ್ಟ ನೊಣಗಳನ್ನು ಹಿಡಿದು ನೀರ ಮೇಲೆ ಉದುರಿಸಿದ. ಟಪ್ ಟಪ್ ಎಂದು ಎಲ್ಲವೂ ಬಾಯಿ ಹಾಕಿದವು!

"ಜಾಂದಿರಾ, ಓಡಿ ಬಾರೇ! ನಿಮ್ಮಪ್ಪನ ಮೀನು ಉಣ್ತಾ ಇವೆ ಕಣೇ!"

ಅವನ ಆ ಕೂಗಿಗೆ ಪಕ್ಕದ ಮನೆಯ ಜೆರ್ತ್ರೂದಿಸಮ್ಮ ಸೌಟು ಹಿಡಿದೇ ಓಡಿಬಂದರು. "ಮನೆಗೆ ಬೆಂಕಿ ಬಿತ್ತು ಅಂದ್ಕೊಂಡ್ನಲ್ಲಪ್ಪಾ!" ಎಂದು ಬೈದು, ಅವರೂ ನೋಡುತ್ತಾ ಕುಳಿತುಬಿಟ್ಟರು.

ಮದುವೆಗೆ ನೀನು ಬರಲಿಲ್ಲ. ಆ ಮಾತು ಈಗ ಬೇಡ. ಮೀನು ನೋಡುವುದಕ್ಕಾದರೂ ಬಾ. ಬರುವಾಗ ನಮ್ಮ ತೊರೆಯ ತೇಲುಗಿಡ ಒಂದಿಷ್ಟು ತಾ. ಕರೆದುಕೊಂಡು ಬರಲು ದೋಣಿಕಟ್ಟೆಗೆ ನಿನ್ನ ಅಳಿಯನೇ ಬರುತ್ತಾನಂತೆ. ಅಲ್ಲಿ ಅವನನ್ನು "ಆ ಪೇಟೆಯವನು" ಅನ್ನಬೇಡ ಅಪ್ಪಾ. ವಾಲ್ದೆಸಿರ್ ಅಂತ ಕರೆ.

ನಿನ್ನ ಮಗಳು
ಜಾಂದಿರಾ