ಕರ್ಣಕುಂಡಲದ ಕಾಯಿ ಕಾದ ತಾತ

ಹೇರೋಹಳ್ಳಿ
೧೪ ಅಕ್ಟೋಬರ್ ೨೦೨೪

ನನ್ನ ಬಂಗಾರ ಚೈತನ್ಯಾ,

ಧಾರವಾಡದ ಹಾಸ್ಟೆಲ್ ಊಟ ಒಗ್ಗಿತೇ? ಕೆಮ್ಮು ಕಡಿಮೆಯಾಯಿತೇ? ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲವೋ, ನಿಜ ಬರೆ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಾತ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಕಾಲೇಜಿಗೆ ಬೀಜ ಬೇಕೆಂದು ನೀನು ಕುಂಡದಲ್ಲಿ ಹಾಕಿ ಹೋದ ಕರ್ಣಕುಂಡಲ ಸೊಗಸಾಗಿ ಬೆಳೆಯಿತು. ನೀರು ತುಂಬಿದ ಮೆತ್ತನೆಯ ಕಾಂಡ, ಹೂವಿನ ಬೆನ್ನಿಗೊಂದು ಸಣ್ಣ ಬಾಲ, ಆಮೇಲೆ ಮೈತುಂಬ ನವಿರು ಕೂದಲಿನ ಹಸಿರು ಕಾಯಿ. "ಅಜ್ಜಿ, ಕಾಯಿ ಉಬ್ಬಿದ ತಕ್ಷಣ ಬಟ್ಟೆ ಕಟ್ಟಿಬಿಡು" ಎಂದು ನೀನು ಹೇಳಿದ್ದೆ. ತಾತ ಕೇಳಬೇಕಲ್ಲ! "ಅವರೆ, ತೊಗರಿ ಬೆಳೆದೋನಿಗೆ ಬೀಜದ ಪಾಠನಾ? ಕಾಯಿ ಗಿಡದಲ್ಲೇ ಒಣಗ್ಬೇಕು ಕಣೇ" ಎಂದು ನನ್ನ ಬಾಯಿ ಮುಚ್ಚಿಸಿದರು. ದಿನಾ ಕುರ್ಚಿ ಹಾಕಿಕೊಂಡು ಕಾದರು. ಒಣಗುವ ಮಾತಿರಲಿ, ಬೆಳಗ್ಗೆ ಎದ್ದು ನೋಡಿದರೆ ಬಲಿತ ಕಾಯಿಯೇ ನಾಪತ್ತೆ!

ಪಕ್ಕದ ಮನೆಯ ಅಂಜನಮ್ಮ ದೇವರಿಗೆಂದು ನಮ್ಮ ಗಿಡದ ಹೂ ಬಿಡಿಸುತ್ತಾಳಲ್ಲ, ತಾತನಿಗೆ ಅವಳ ಮೇಲೇ ಗುಮಾನಿ. ಹಾಲಿನವನ ಎದುರಿಗೇ "ಹೂವಿನ ಜೊತೆ ಬೀಜಾನೂ ಬಾಚ್ಕೊಂಡ್ರೇನಮ್ಮಾ?" ಎಂದುಬಿಟ್ಟರು. ಅವಳು ದಢಾರನೆ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಈ ಬೀದಿಗೆ ಸೊಸೆಯರಾಗಿ ಬಂದಾಗಿನಿಂದ ಸಂಜೆ ಜಗಲಿಯ ಮೇಲೆ ಒಟ್ಟಿಗೆ ಸೊಪ್ಪು ಬಿಡಿಸದ ದಿನವಿಲ್ಲ. ಈಗ ಒಬ್ಬಳೇ ಕೂತರೆ ಅಳು ಬರುತ್ತದೆ ಕಣೇ.

ನಿನ್ನೆ ಗಿಡ ನೋಡಲು ಬಗ್ಗಿದಾಗ ತಾತನ ಮೂಗು ಒಂದು ಕಾಯಿಗೆ ತಗುಲಿತು. ಫಟ್! ಸಿಪ್ಪೆ ಐದು ಸೀಳಾಗಿ ಸುರುಳಿ ಸುತ್ತಿಕೊಂಡಿತು; ಬೀಜವೆಲ್ಲ ಕನ್ನಡಕಕ್ಕೆ, ಮೀಸೆಗೆ, ಕಾಫಿ ಲೋಟಕ್ಕೆ. "ಅಯ್ಯಯ್ಯೋ, ಯಾರೋ ಹೊಡೆದ್ರು!" ಎಂದು ಕೂಗಿಕೊಂಡರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಕಳ್ಳ ಯಾರೆಂದು ಗೊತ್ತಾದ ಮೇಲೂ ತಪ್ಪಾಯಿತೆನ್ನಲು ಈ ಮಹರಾಯರಿಗೆ ನಾಲಗೆ ಹೊರಳದು. ಅಂಜನಮ್ಮನ ಹತ್ತಿರ ಮಾತಾಡಿ ಬರುವ ತನಕ ಕಾಫಿ ಇಲ್ಲ ಎಂದಿದ್ದೇನೆ. ಈಗ ಗೊಣಗುತ್ತಾ ಚಪ್ಪಲಿ ಹುಡುಕುತ್ತಿದ್ದಾರೆ.

ಹುಷಾರು ಮಗಳೇ, ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ವೆಂಕಟಲಕ್ಷ್ಮಮ್ಮ

ತಾ.ಕ.: ತಾತ ಹೋದರು, ತಪ್ಪಾಯಿತೆಂದರು. ಅವಳು ನಂಬಬೇಕಲ್ಲ! "ಕಾಯಿ ತಾನಾಗೇ ಸಿಡಿಯುತ್ತಾ? ಕಾಗೆ ಹಾರಿಸ್ಬೇಡಿ ಅಣ್ಣ" ಎಂದಳಂತೆ. ಕರೆತಂದು ಒಂದು ಕಾಯಿ ಮುಟ್ಟಿಸಿದರು. ಅವಳು ಕಿರುಚಿ, ನಕ್ಕು, ಇನ್ನೊಂದು ಮುಟ್ಟಿದಳು. ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. ನಾನೂ ಸುಮ್ಮನಿರಲಿಲ್ಲ ಅನ್ನು. ನಿನ್ನ ಕಾಲೇಜಿಗೆ ಒಂದು ಬೀಜವೂ ಉಳಿದಿಲ್ಲ, ಮೇಷ್ಟ್ರಿಗೆ ಏನಾದರೂ ಹೇಳಿಕೋ. ಅಂಜನಮ್ಮ ಸೊಪ್ಪು ಹಿಡಿದು ಬಂದು ಕೂತಿದ್ದಾಳೆ, ನಾನು ಹೊರಟೆ.