ಎರಡಾಳಿನ ಮುಯ್ಯಿ

ನರಗುಂದ ಸಂಸ್ಥಾನ,
ರಾಕ್ಷಸನಾಮ ಸಂವತ್ಸರದ ಫಾಲ್ಗುಣ ಶುದ್ಧ ಪಂಚಮಿ, ಇಸವಿ 1856

ಚಿರಂಜೀವಿ ಸೌಭಾಗ್ಯವತಿ ಶೇಖವ್ವಳಿಗೆ,

ದೂರದಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ತಂದೆಯು ಹರಸಿ ಬರೆಯುವುದೇನೆಂದರೆ, ನಿನ್ನ ಕಾಗದವು ಸಂತೆಯ ದಿನ ತಲುಪಿತು. ಯುಗಾದಿಯ ಹೊತ್ತಿಗೆ ನಿನ್ನ ಯಜಮಾನರಾದ ತೋಟಪ್ಪನವರು ಬಂದು ನನ್ನನ್ನು ಮುಂಬಯಿಗೆ ಮರಳಿ ಕರೆದೊಯ್ಯುವರೆಂದು ಬರೆದಿರುವೆ. ಕಂಪನಿ ಸರಕಾರದ ಕಚೇರಿಯಲ್ಲಿ ಆಯುಷ್ಯ ಸವೆಸಿದವನು ಪಿಂಚಣಿ ಹಿಡಿದು ಪರರಾಜ್ಯಕ್ಕೆ ಹೋಗಿ ಕುಳಿತದ್ದು ಮಗ ಈಶಪ್ಪನನ್ನು ಕಳೆದುಕೊಂಡ ದುಃಖದಿಂದ ತಪ್ಪಿಸಿಕೊಳ್ಳಲೆಂದು ನಿನ್ನ ಆಕ್ಷೇಪ. ಆಕ್ಷೇಪವು ಬಲವಾಗಿದೆ. ವಿದ್ಯಾಲಯದ ವಾದಸಭೆಯಲ್ಲಿ ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ನಾನೆಂದೂ ಎದ್ದು ನಿಂತವನಲ್ಲ. ನಿನ್ನ ಕಾಗದವನ್ನೂ ಎರಡು ಸಲ ಓದಿಯೇ ಉತ್ತರಕ್ಕೆ ಕುಳಿತಿದ್ದೇನೆ.

ಇದು ಪರದೇಶವೆಂಬುದು ನಿಜ. ನಮ್ಮ ಅಜ್ಜನವರು ಈ ಕಡೆಯದೇ ಊರಾದ ಅಸೂಟಿಯಿಂದ ಹತ್ತಿಯ ಗಾಡಿಯೊಡನೆ ಹೊರಟವರಾದರೂ ನಾನು ಹುಟ್ಟಿದ್ದು, ಕಲಿತದ್ದು ಸಮುದ್ರದ ದಡದಲ್ಲಿ. ಸುಂಕದ ಚೌಕಿ ದಾಟಿ ಈ ಸಂಸ್ಥಾನದೊಳಗೆ ಕಾಲಿಟ್ಟಾಗ ಇಲ್ಲಿಯ ಆಳ್ವಿಕೆಯಷ್ಟೇ ಅಲ್ಲ, ಹೊತ್ತಿನ ನಡಿಗೆಯೇ ಬೇರೆಯೆಂದು ಕಂಡಿತು. ದಾರಿ ಕೇಳಿದರೆ ಕೈ ತೋರಿಸುವುದಿಲ್ಲ, ಜೊತೆಗೆ ನಡೆದು ಬರುತ್ತಾರೆ. ಕಟ್ಟೆಯ ಮೇಲೆ ಒಂದು ವಿಷಯ ಎತ್ತಿದರೆ ಎಲೆಯಡಕೆ ಮುಗಿಯುವವರೆಗೆ ಯಾರೂ ಉತ್ತರಿಸುವುದಿಲ್ಲ; ಕೆಲವೊಮ್ಮೆ ಉತ್ತರವು ಮುಂದಿನ ಸಂತೆಗೆ ಬರುತ್ತದೆ. ಮೊದಲು ಇದನ್ನು ಮಂದಬುದ್ಧಿಯೆಂದು ತೀರ್ಮಾನಿಸಿದ್ದೆ. ಆದರೆ ಹಾಗೆ ತಡೆದು ಬಂದ ಉತ್ತರಗಳನ್ನು ಖಂಡಿಸಲು ಹೋಗಿ ನಾನು ಹಲವು ಬಾರಿ ಸೋತಿದ್ದೇನೆ. ಸೋಲು ಇಷ್ಟು ಹಿತವಾಗಿರಬಹುದೆಂದು ನಮ್ಮ ಸಭೆಯಲ್ಲಿ ಯಾರೂ ಕಲಿಸಿರಲಿಲ್ಲ.

ಗುಡ್ಡದ ಕೆಳಗೆ ಒಂದು ತುಂಡು ಎರೆಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದಿದ್ದೇನೆ. ನೆರೆಹೊಲದ ಲಾಡಸಾಬರು ತಮ್ಮ ಎತ್ತುಗಳಿಂದಲೇ ಬಿಳಿಜೋಳ ಬಿತ್ತಿಕೊಟ್ಟರು. ಮಾಘದಲ್ಲಿ ಬೆಳೆ ಕೊಯ್ಲಿಗೆ ಬಂದಾಗ ನಾನು ಕರೆಯದೆಯೇ ಲಾಡಸಾಬರೂ ಅವರ ಮಗ ಗೌಸುಸಾಬನೂ ಆಚೆಮನೆಯ ಕರಿಯವ್ವನೂ ಕುಡಗೋಲು ಹಿಡಿದು ಬಂದು ಬಿಸಿಲಿಳಿಯುವುದರೊಳಗೆ ಹೊಲವನ್ನು ಬರಿದು ಮಾಡಿದರು. ನಾನು ಕಚೇರಿಯ ಅಭ್ಯಾಸದಂತೆ ಕೂಲಿ ಕೊಡಲು ಚೀಲ ಬಿಚ್ಚಿದೆ. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

“ರೊಕ್ಕ ಒಳಗ ಇಟಗೋರಿ, ಬೊಂಬಾಯಿ ಸಾವಕಾರ್ರ,” ಎಂದಳು ಕರಿಯವ್ವ. “ರೊಕ್ಕ ಕೊಟ್ರ ನಾಳಿ ನೀವು ಯಾರೋ, ನಾವು ಯಾರೋ. ನಾವು ಮುಯ್ಯಿಗೆ ಬಂದೇವಿ. ನಾಡಿದ್ದ ನನ್ನ ಹೊಲದ್ದೈತಿ, ನೀವು ಬರ್ರಿ.”

ಒಂದು ಮನೆಯಿಂದ ಎಷ್ಟು ಜನ ಬಂದು ದುಡಿದರೋ ಅವರ ಹೊಲಕ್ಕೆ ಅಷ್ಟೇ ಜನ ಹೋಗಿ ದುಡಿಯುವುದು. ಅದು ಇಲ್ಲಿಯ ಮುಯ್ಯಿ. ಅಂತೆಯೇ ಕರಿಯವ್ವನ ಹೊಲಕ್ಕೆ ಹೋದೆನು. ನನ್ನ ಕುಡಗೋಲಿನ ಚಂದ ಕಂಡು ಆಕೆ, “ಅಯ್ಯ, ಜ್ವಾಳಕ್ಕ ಉಪದೇಶ ಮಾಡಾಕ ಹತ್ತೀರೇನ್ರಿ? ಅದು ಕೇಳಿ ತಾನ ಬೀಳೂದಿಲ್ರಿ, ಕೊಯ್ಯಬೇಕು!” ಎಂದಾಗ ಹೊಲವೆಲ್ಲ ನಕ್ಕಿತು. ನಿನ್ನ ಕಠಿಣ ತಂದೆಯೂ ನಕ್ಕನೆಂದು ಬರೆದರೆ ನೀನು ನಂಬಲಾರೆ.

ಮುಂದಿನದು ಲಾಡಸಾಬರ ಸರದಿ. ಅವರು ಸಹಜವಾಗಿ, “ನಮ್ಮ ಮನಿಂದ ಇಬ್ಬರು ಬಂದಿದ್ವಿರಿ. ನಿಮ್ಮ ಮಗನ್ನ ಕರಸ್ರಲ್ಲ, ಸುಗ್ಗಿ ನೋಡಿದಂಗೂ ಆಕ್ಕೈತಿ,” ಎಂದರು.

ಇಲ್ಲಿ ನಿನಗೊಂದು ಸಂಗತಿ ತಿಳಿಸಬೇಕು. ಮಕ್ಕಳೆಷ್ಟೆಂದು ಈ ಊರವರು ಕೇಳಿದಾಗ, ಒಬ್ಬ ಮಗ, ಒಬ್ಬ ಮಗಳು, ಇಬ್ಬರೂ ಮುಂಬಯಿಯಲ್ಲಿದ್ದಾರೆ ಎಂದಿದ್ದೆನು. ಈಶಪ್ಪನ ಸಮಾಧಿ ಮುಂಬಯಿಯಲ್ಲಿಯೇ ಇರುವುದರಿಂದ ಅದು ಅಸತ್ಯವಲ್ಲವೆಂದು ನನ್ನೊಳಗಿನ ವಾದಿಯು ಸಮರ್ಥಿಸಿದ್ದನು. ಲಾಡಸಾಬರ ಮುಂದೆ ಆ ವಾದಿಯನ್ನು ಬದಿಗಿಟ್ಟೆ. ಮಗನು ಕಾಲರಾದಲ್ಲಿ ಹೋದನು, ಎರಡನೆಯ ಆಳು ನನ್ನ ಮನೆಯಲ್ಲಿಲ್ಲ ಎಂದೆ.

ಮುಂಬಯಿಯಲ್ಲಿ ಎಷ್ಟು ಜನ ಬಂದು ಎಷ್ಟು ಸಮಾಧಾನ ಹೇಳಿದರೆಂಬುದು ನಿನಗೆ ಗೊತ್ತು. ಲಾಡಸಾಬರು ಅಂಥದೇನೂ ಹೇಳಲಿಲ್ಲ. ಬದುವಿನ ಮೇಲೆ ಕುಳಿತರು, ನನ್ನನ್ನೂ ಕೂರಿಸಿಕೊಂಡರು. ಎತ್ತುಗಳು ಮೇಯುತ್ತ ಬೇಲಿಯ ಕೊನೆಯವರೆಗೆ ಹೋಗಿ ತಿರುಗಿ ಬಂದವು. ಒಬ್ಬ ಆಳಿನ ಮುಯ್ಯಿಯನ್ನು ಬಿಟ್ಟುಬಿಡುವರೆಂದು ನಾನು ಕಾದಿದ್ದೆ. ಹಾಗೆ ಬಿಟ್ಟಿದ್ದರೆ ಆ ದಯೆಯನ್ನು ಹೊರಲಾರದೆ ಅಂದೇ ಗಾಡಿ ಹೂಡಿಸಿ ನಿನ್ನ ಬಳಿಗೆ ಬಂದುಬಿಡುತ್ತಿದ್ದೆನೇನೋ. ಆದರೆ ಅವರು ಹೇಳಿದ್ದು ಬೇರೆ.

“ಬಿಟ್ಟೇನಿ ಅಂದ್ರ ನಿಮಗ ಮಗಾನ ಇರಲಿಲ್ಲ ಅಂದಂಗ ಆಕ್ಕೈತ್ರಿ. ನಾ ಹಂಗ ಅನ್ನಾಕ ಒಲ್ಲೆ. ಒಂದ ದಿನಾ ನಿಮ್ಮ ಪಾಲಿಂದು ದುಡಿಯಾಕ ಬರ್ರಿ. ಮರದಿನಾ ಅವಂದು ಬರ್ರಿ.”

ಶೇಖವ್ವಾ, ನಾನು ಕೇಳಿದ ವಾದಗಳಲ್ಲಿ ಇದಕ್ಕಿಂತ ಶ್ರೇಷ್ಠವಾದುದನ್ನು ಕಾಣೆ. ಮೊದಲ ದಿನ ನನ್ನದನ್ನು ಕೊಯ್ದೆ. ಮರುದಿನ ಈಶಪ್ಪನದನ್ನು ಕೊಯ್ದೆ. ಇಪ್ಪತ್ತೆರಡು ವರ್ಷದ ಹುಡುಗನ ವೇಗ ನನಗೆಲ್ಲಿಂದ ಬರಬೇಕು? ಅವಸರಪಡಿಸಿದವರು ಯಾರೂ ಇರಲಿಲ್ಲ. ನಾನು ಹಿಂದುಳಿದಾಗ ಸಾಲಿನವರೆಲ್ಲ ಬೆನ್ನು ನೇರ ಮಾಡಿಕೊಳ್ಳುವ ನೆವದಲ್ಲಿ ನಿಂತು ಕಾದರು. ಮಧ್ಯಾಹ್ನ ಮಾಬೂಬಿ, ಲಾಡಸಾಬರ ಹೆಂಡತಿ, ನನ್ನ ಬುತ್ತಿಯೊಳಗಿನ ರೊಟ್ಟಿ ಎಣಿಸಿ ನೋಡಿ, “ಹರೇದ ಹುಡುಗನ ಪಾಲಿಗೆ ಇಷ್ಟ ಏನ್ರಿ?” ಎಂದು ಗದರಿ, ಕರಿಯವ್ವನ ಗಂಟಿನಿಂದ ಇನ್ನೆರಡು ತೆಗೆಸಿ ಹಾಕಿಸಿದಳು. ತಿಂದೆ.

ಆದುದರಿಂದ ನನ್ನ ಉತ್ತರವಿದು. ನಾನು ಬರುವುದಿಲ್ಲ. ದುಃಖದಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದೆನೆಂಬ ನಿನ್ನ ಮಾತನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ಉಳಿದಿರುವೆನೆಂಬುದನ್ನು ಒಪ್ಪಲಾರೆ. ಮುಂಬಯಿಯ ಮನೆಯಲ್ಲಿ ನಾನು ಮಗನನ್ನು ಕಳೆದುಕೊಂಡ ಮುದುಕ. ಜನ ನನ್ನ ಮುಂದೆ ಅವನ ಹೆಸರೆತ್ತದಂತೆ ಎಚ್ಚರಿಕೆ ವಹಿಸುತ್ತಾರೆ. ಈ ಊರಿನವರು ನಮ್ಮದನ್ನು ಎರಡಾಳಿನ ಮನೆಯೆಂದು ಹಿಡಿದಿದ್ದಾರೆ. ಬರುವ ಬಿತ್ತಿಗೆಗೆ ಲಾಡಸಾಬರ ಮನೆಯಿಂದ ಇಬ್ಬರು ಬರುತ್ತಾರೆ, ಮತ್ತೆ ನಾನು ಎರಡು ದಿನ ಹೋಗುತ್ತೇನೆ. ದೇಹ ನಡೆಯುವವರೆಗೆ ಹೀಗೆಯೇ. ಪಿಂಚಣಿ ಪಡೆದವನಿಗೆ ಇದಕ್ಕಿಂತ ಗೌರವದ ಉದ್ಯೋಗವುಂಟೇ? ಇದ್ದರೆ ಬರೆ, ಖಂಡಿಸುತ್ತೇನೆ.

ತೋಟಪ್ಪನವರು ಯುಗಾದಿಗೆ ಅವಶ್ಯ ಬರಲಿ, ನಿನ್ನನ್ನೂ ಕರೆತರಲಿ. ನನ್ನನ್ನು ಕರೆದೊಯ್ಯಲಿಕ್ಕಲ್ಲ, ನೋಡಲಿಕ್ಕೆ. ಅಳಬೇಡವೆಂದು ಈ ಸಲ ಬರೆಯುವುದಿಲ್ಲ.

ಹೊಲದ ಬದುವಿನಿಂದ ನಿನ್ನನ್ನು ನೆನೆಯುವ
ನಿನ್ನ ತಂದೆ
ಪ್ರಭುಲಿಂಗಪ್ಪ

ತಾಜಾಕಲಮು: ಒಂದು ಸಂಗತಿಯನ್ನು ಮೇಲೆ ಬರೆಯಲು ಕೈ ಏಳಲಿಲ್ಲ. ಆ ಎರಡನೆಯ ದಿನ ಹೊಲದಲ್ಲಿ ಯಾರೂ ನನ್ನನ್ನು ಸಾವಕಾರ್ರ ಎನ್ನಲಿಲ್ಲ, ಬಹುವಚನವನ್ನೂ ಬಳಸಲಿಲ್ಲ. “ಏ ಈಶಪ್ಪಾ, ಬಿಸಲಾತು, ನೀರ ಕುಡದ ಹೋಗ ಬಾರೋ,” ಎಂದು ಲಾಡಸಾಬರು ಸಾಲಿನ ತುದಿಯಿಂದ ಕೂಗಿದರು. ಒಂದೂವರೆ ವರ್ಷದಿಂದ ಯಾರೂ ಗಟ್ಟಿಯಾಗಿ ಕರೆಯದ ಹೆಸರು. ನಾನು ಕುಡಗೋಲನ್ನು ಕೆಳಗಿಟ್ಟು, ಬಂದೆ ಎಂದೆ.