ಏಣಿಗೆ ಅಡ್ಡ ನಿಂತವಳು

ಫೆಬ್ರವರಿ ೧೦, ಮಂಗಳವಾರ

ಮದುವೆಯಾಗಿ ಇಷ್ಟು ವರ್ಷವಾದರೂ ಪುಷ್ಪಲತಾಳನ್ನು ಬಾಯಿತುಂಬ ಹೊಗಳಲು ನನಗೆ ಬರುವುದಿಲ್ಲ. ಅದೇ ಕೊರೆಯುತ್ತಿದೆ.

ದೀಪಾವಳಿ ಹೊತ್ತಿಗೆ ಕೊಬ್ಬರಿಗೆ ಒಳ್ಳೆ ಬೆಲೆ ಬಂದಾಗ, ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಹಾಕಿದ್ದ ತೆಂಗಿನಕಾಯಿಯನ್ನೆಲ್ಲ ಇಳಿಸಿ ಮಾರಿ ಸೊಸೈಟಿ ಸಾಲವನ್ನು ಒಂದೇ ಸಲಕ್ಕೆ ತೀರಿಸೋಣ ಎಂದು ಕುಣಿದವನು ನಾನು. ಅರ್ಧ ಇಳಿಸಿದ ಮೇಲೆ ಅವಳು ಏಣಿಗೆ ಅಡ್ಡ ನಿಂತಳು.

"ಕೈ ಬರಿದು ಮಾಡ್ಕೊಂಡ್ರೆ ನಾಳೆ ಏನಾದ್ರೂ ಆದಾಗ ಮತ್ತೆ ಸಾಲಕ್ಕೇ ಹೋಗ್ಬೇಕು ಕಣ್ರೀ. ಕಂತು ಕಟ್ತಾ ಹೋಗೋಣ, ಉಳಿದ ಕಾಯಿ ಅಟ್ಟದಾಗೇ ಇರ್ಲಿ."

ಬಡ್ಡಿ ಲೆಕ್ಕ ಹೇಳಿ ಕೂಗಾಡಿದೆ. ಜಗ್ಗಲಿಲ್ಲ.

ಹೋದ ವಾರ ತೋಟದ ಮೋಟಾರ್ ಸುಟ್ಟುಹೋಯಿತು. ಯಾರನ್ನು ಕೈಸಾಲ ಕೇಳಲಿ ಎಂದು ನಾನು ಯೋಚಿಸುತ್ತಿದ್ದಾಗ ಅವಳು ಅಟ್ಟದ ಮೇಲೆ ಕಾಯಿ ಕುಲುಕುತ್ತಿದ್ದಳು. ಪೂರ್ತಿ ಒಣಗಿ ಒಳಗೆ ಕೊಬ್ಬರಿ ಗುಡುಗುಡು ಆಡಿದವನ್ನಷ್ಟೇ ಆರಿಸಿ ಕೊಟ್ಟಳು. ಸುಲಿಸಿ, ಚಿಪ್ಪು ಒಡೆಸಿ, ಇವತ್ತು ಅರಸೀಕೆರೆಯಲ್ಲಿ ಮಾರಿ ಹೊಸ ಮೋಟಾರ್ ತಂದೆ. ಈ ತಿಂಗಳ ಕಂತೂ ತಪ್ಪಲಿಲ್ಲ. ಎಂಥ ಹೆಣ್ಣು!

ಊಟಕ್ಕೆ ಕೂತಾಗ, "ನಿನ್ನ ಮಾತೇ ಸರಿಯಾಯ್ತು ಕಣೇ" ಎಂದೆ. ಅಷ್ಟೇ ಬಂದದ್ದು.

ಅವಳು ಸಾರು ಬಡಿಸುತ್ತಲೇ, "ಅಟ್ಟದಾಗೆ ಜಾಗ ಖಾಲಿ ಐತೆ. ಬೆಳಿಗ್ಗೆ ಬೇಗ ಏಳಿ, ಹೊಸ ಕಾಯಿ ಏರಿಸ್ಬೇಕು" ಎಂದಳು.

ಏಣಿಯನ್ನು ಆಗಲೇ ಒರಗಿಸಿಟ್ಟು ಮಲಗಿದ್ದಾಳೆ.